ದಲಾಲಿ ಕಾಕಾನ ಟಾವೆಲ್ ಒಳಗಿನ ಕೈ

ಒಂದು ಮಾತು ಕೇಳ್ತೇನಿ, ಖರೇ ಹೇಳ್ರಿ. ಯಾರಿಗರೆ ಚೊಲೊದು ಮಾಡಬೇಕಂತ ನೀವು ಅವರ ಬಾಗಲಕ್ಕ ಹೋಗೀರಿ, ಅವರು ನಿಮ್ಮನ್ನ ಕಳ್ಳರನ್ನ ನೋಡಿದಂಗ ನೋಡ್ಯಾರ, ಹಿಂಗ ನಿಮಗ ಆಗೇತೇನು? ಕುಂದ್ರಿ ಅಂತಾರ, ಚಾ ಕೊಡ್ತಾರ, ಆದ್ರ ಕಣ್ಣು ಮಾತ್ರ ನಿಮ್ಮ ಚೀಲದ ಮ್ಯಾಲಿಂದ ಸರಿಯಂಗಿಲ್ಲ. ಆಗಿದ್ರ ಮುಂದ ಓದ್ರಿ. ಆಗಿಲ್ಲಂದ್ರ ನೀವು ಪುಣ್ಯವಂತರು, ಆದ್ರೂ ಓದ್ರಿ.

ನಾ ರಾಣೆಬೆನ್ನೂರಾಕಿ. ನಲವತ್ತು ದಾಟೇತಿ, ಎಷ್ಟು ದಾಟೇತಿ ಅಂತ ಕಮೆಂಟ್‌ನ್ಯಾಗ ಕೇಳಬ್ಯಾಡ್ರಿ. ಮದುವಿಗೆ ಮೊದಲ ಆಕ್ಯುಪೇಶನಲ್ ಥೆರಪಿ ಡಿಗ್ರಿ ಮುಗಿಸಿದ್ದೆ. ಆಮ್ಯಾಲೆ ಹಾವೇರ್ಯಾಗ ಒಂದು ಸಾಲ್ಯಾಗ ಸಣ್ಣ ಮಕ್ಕಳಿಗೆ ಗುಂಡಿ ಹಾಕ್ಕೊಳ್ಳೋದು, ಚಮಚಾ ಹಿಡಿಯೋದು ಕಲಿಸಿಕೋತ ಇದ್ದೆ. ದೊಡ್ಡ ಮಂದಿ ಕೈಕಾಲಿಗೆ ಕೆಲಸ ಮಾಡಬೇಕಂದ್ರ ನಾ ಕಲಿತದ್ದು ಸಾಲಂಗಿಲ್ಲ ಅನಿಸಾಕ ಹತ್ತಿತ್ತು. ಮಗಳು ಪಿಯುಸಿ ಮುಗಿಸಿದ ವರ್ಷ ನಾನೂ ಮಾಸ್ಟರ್ಸ್‌ಗೆ ಅರ್ಜಿ ಹಾಕಿದೆ. ಸೀಟು ಸಿಕ್ಕಬಿಡ್ತು.

ಇದೇನು ವಿದ್ಯೆ ಅಂತ ಗೊತ್ತಿಲ್ಲದವರಿಗೆ ಹೇಳ್ತೇನಿ. ಲಕ್ವಾ ಹೊಡದಾಂವ, ಕೈ ಮುರದಾಕಿ, ಇಂಥವರು ಮತ್ತ ತಮ್ಮ ಅಂಗಿ ತಾವ ಹಾಕ್ಕೋಬೇಕು, ತಮ್ಮ ರೊಟ್ಟಿ ತಾವ ಮುರಕೋಬೇಕು, ತಮ್ಮ ಕೆಲಸಕ್ಕ ತಾವ ಹೋಗಬೇಕು. ಅದನ್ನ ಮಾಡಸೋರು ನಾವು. ಔಷಧ ಬರಿಯಂಗಿಲ್ಲ, ಇಂಜೆಕ್ಷನ್ ಹಾಕಂಗಿಲ್ಲ. ಇಷ್ಟು ಹೇಳಿದ ಕೂಡ್ಲೇ ನಮ್ಮ ಕಡೆ ಮಂದಿ, "ಹಂಗಾರ ಏನ್ ಮಾಡ್ತೀರಿ ಮತ್ತ? ತಿಕ್ಕತೀರೇನು?" ಅಂತಾರ. ತಿಕ್ಕೋದೂ ಇಲ್ಲ ಅಂದ್ರ ಮುಗೀತು, ಇದು ಫ್ರಾಡು.

ಮನ್ಯಾಗ ಮೊದಲ ಸಂಶೆ ಬಂದಿದ್ದು ನಮ್ಮ ಅತ್ತಿಯವರಿಗೆ. "ಮಗಳು ಹಾಸ್ಟೆಲ್‌ಗೆ ಹೋಗೋ ಹೊತ್ತಿನ್ಯಾಗ ತಾಯಿ ಹಾಸ್ಟೆಲ್‌ಗೆ ಹೊಂಟಾಳಂದ್ರ ಏನೋ ಐತಿ" ಅಂದ್ರು. ಓಣ್ಯಾಗಿನ ಮಂದಿ ಅದ ಏನೋನ ಹುಡಕಾಕ ಹತ್ತಿದ್ರು. ಗಂಡಾ ಹೆಂಡ್ತಿ ನಡುವ ಮಾತ ಅದಾವೋ ಇಲ್ಲೋ ಅಂತ ನಮ್ಮ ಹಾಲು ಹಾಕೋನ್ನ ಕೇಳಿದ್ರಂತ. ನಮ್ಮೆಜಮಾನ್ರು ಬೀಜದ ಕಂಪನಿ ಗೋದಾಮಿನ್ಯಾಗ ಅದಾರ. ಮೊಳಕಿ ಬರೂತನ ಯಾವ ಬೀಜಾನೂ ನಂಬದ ಮನಶ್ಯಾ. ಅವರು ಕೇಳಿದ್ದು ಒಂದ ಮಾತು.

"ಎರಡು ವರ್ಷ ಅಂದ್ರ ಎರಡ ವರ್ಷ, ಹೌದಿಲ್ಲೋ? ಆಮ್ಯಾಲೆ ಇನ್ನ ಆರ ತಿಂಗಳ ಐತಿ ಅಂತ ಬರಂಗಿಲ್ಲಲಾ?"

"ಇಲ್ಲ" ಅಂದೆ. ಬಾಯಿ ಮಾತು ಕೊಟ್ಟೆ.

ಕಾಲೇಜಿನ್ಯಾಗ ಮತ್ತೊಂದು ಕತಿ. ಕ್ಲಾಸಿನ್ಯಾಗ ಎಲ್ಲಾ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗಿಯರು. ನಾ ಒಳಗ ಹೋದ್ನೆಂದ್ರ ಮಾತು ಬಂದ್. ಯಾರೋ ತಪಾಸಣಿಗೆ ಕಳಿಸಿದ ಹೆಂಗಸು ಅಂತ ಮೊದಲನೇ ತಿಂಗಳೆಲ್ಲಾ ತಿಳಕೊಂಡಿದ್ರಂತ. ನನ್ನ ಗೈಡ್ ಮೇಡಂ ನನಗಿಂತ ಹತ್ತು ವರ್ಷ ಸಣ್ಣಾಕಿ, ಬೆಂಗಳೂರು ಕಡೆಯಾಕಿ. ಶಾಣ್ಯಾಕಿ, ಬರೋಬ್ಬರಿ ಮನಶ್ಯಾಳು, ಆದ್ರ ಕಣ್ಣಿಲೆ ನೋಡದಿದ್ರ ಏನೂ ಒಪ್ಪಾಕಿ ಅಲ್ಲ. "ಮನೆ, ಮಕ್ಕಳು ಇಟ್ಕೊಂಡು ಓದೋರು ಕೊನೇಲಿ ಕೂತು ಕೇಸ್ ಬರೆದುಬಿಡ್ತಾರೆ. ನೀವು ಹಾಗೆ ಮಾಡಲ್ಲ ತಾನೆ?" ಅಂತ ಮೊದಲನೇ ದಿವಸನ ಕೇಳಿದ್ಲು. ನಾ ಇನ್ನೂ ಚೀಲಾ ಕೆಳಗ ಇಟ್ಟಿರಲಿಲ್ಲ.

ಕಡೀ ವರ್ಷ ಒಂದು ಕೇಸ್ ಹಿಡೀಬೇಕು. ಒಬ್ಬ ಪೇಶಂಟ್, ಅವರದೊಂದು ಕೆಲಸ. ಆ ಕೆಲಸಕ್ಕ ಅವರು ಹೊಳ್ಳಿ ಹೋಗೋ ಹಂಗ ಮಾಡಬೇಕು. ಮೊದಲು ಬೆರಳು ಎಷ್ಟು ಬಿಚ್ಚತಿತ್ತು, ಆಮ್ಯಾಲೆ ಎಷ್ಟು ಬಿಚ್ಚತು ಅಂತ ಒಂದು ಪ್ಲಾಸ್ಟಿಕ್ ಅಳತಿಪಟ್ಟಿ ಇಟ್ಟು ತೋರಿಸಬೇಕು. ನಮ್ಮೂರ ಕಡೇನ ಕೇಸ್ ಮಾಡ್ತೇನಿ ಅಂತ ಬೇಡಿಕೊಂಡು ಪರವಾನಗಿ ತಗೊಂಡು ಬಂದೆ. ನಮ್ಮ ಮಂದಿ, ನಮ್ಮ ಭಾಷೆ, ಸಲೀಸ ಆಕ್ಕೈತಿ ಅಂತ ತಿಳಕೊಂಡಿದ್ದೆ ನೋಡ್ರಿ. ಹಾವೇರ್ಯಾಗ ಒಂದು ಮನಿಯವರು ನಾ ಪಿಂಚಣಿ ಬಂದ್ ಮಾಡಾಕ ಬಂದಾಕಿ ಅಂತ ಬಾಗಲಾ ಹಾಕ್ಕೊಂಡ್ರು. ರಾಣೆಬೆನ್ನೂರಾಗ ಇನ್ನೊಬ್ಬರು, "ಎಣ್ಣಿ ಬಾಟ್ಲಿ ಯಾವಾಗ ಹೊರಗ ತಗೀತೀರಿ?" ಅಂತ ಕಾದಕೋತ ಕುಂತ್ರು, ಎಣ್ಣಿ ಇಲ್ಲ ಅಂದಮ್ಯಾಲೆ ಫೋನ್ ಎತ್ತಲಿಲ್ಲ.

ಮೂರನೇದವ ದಲಾಲಿ ಕಾಕಾ. ಬ್ಯಾಡಗಿ ತಾಲೂಕಿನ ಒಂದು ಹಳ್ಳಿ, ಕಾಗಿನೆಲೆ ಬಸ್ಸು ಹತ್ತಿದ್ರ ನಡುವ ಇಳೀಬೇಕು. ಅರವತ್ತರ ಆಸುಪಾಸಿನ ಮನಶ್ಯಾ. ಹಾವೇರಿ ದನದ ಸಂತ್ಯಾಗ ಎತ್ತಿನ ದಲಾಲಿ. ಲಕ್ವಾ ಹೊಡದಿತ್ತು, ಕಾಲು ಬಂದಿತ್ತು, ಬಲಗೈ ಬಂದಿರಲಿಲ್ಲ. ನಮ್ಮೆಜಮಾನ್ರ ಪರಿಚಯದವರೊಬ್ಬರು ಫೋನ್ ಮಾಡಿ ಹೇಳಿದ್ರು ಅಂತ ಒಳಗ ಕರದ. ಕುಂದ್ರು ಅನ್ನಲಿಲ್ಲ. ನಾ ಹಿಂದಕ ಮುಂದಕ ನೋಡಿಕೋತ ನಿಂತೆ, ಆಂವ ನನ್ನ ಎತ್ತನ್ನ ನೋಡಿದಂಗ ನೋಡಿಕೋತ ಕುಂತ. ಮೊದಲ ಕಾಲು, ಆಮ್ಯಾಲೆ ಬೆನ್ನು, ಆಮ್ಯಾಲೆ ಮಾರಿ.

"ಯಾರು ಕಳಸ್ಯಾರ?"

"ಯಾರೂ ಕಳಸಿಲ್ರಿ ಕಾಕಾ. ನಾ ಕಲಿಯಾಕ ಬಂದೇನಿ. ಏನೂ ಕೊಡೂದು ಬ್ಯಾಡ, ಫುಕ್ಕಟ."

"ಫುಕ್ಕಟ ಕೊಟ್ಟ ಎತ್ತಿಗೆ ಒಂದು ಹಲ್ಲಿರಂಗಿಲ್ಲ, ಇಲ್ಲಾಂದ್ರ ಒದೀತೈತಿ. ನೀವು ಯಾವ ನಮೂನಿ ಡಾಕ್ಟರಬಾಯಿ?"

ಒಳಗಿಂದ ಕಾಕು, ಅಂದ್ರ ಅವನ ಹೆಂಡ್ತಿ, ಕಿಸಕ್ಕನ ನಕ್ಕಳು. ಆ ನಗಿ ನನ್ನ ಕಡೆ ಐತೋ ಅವನ ಕಡೆ ಐತೋ ತಿಳೀಲಿಲ್ಲ.

ಅವನ ಬಲಗೈ ಕಾಣಿಸಿದ್ದ ಇಲ್ಲ. ಹೆಗಲ ಮ್ಯಾಲಿನ ಟಾವೆಲ್ ಇಳಿಬಿಟ್ಟು ಅದರ ಒಳಗ ಮುಚ್ಚಿ ಇಟ್ಟಿದ್ದ. ನಾ ಚೀಲದಾಗಿನ ಬಣ್ಣಬಣ್ಣದ ಪ್ಲಾಸ್ಟಿಕ್ ಕೋನು, ಗೂಟದ ಹಲಗಿ ಎಲ್ಲಾ ಹರವಿದೆ. ಕಾಕಾ ನೋಡಿದ, "ಇವನ್ನ ಕಟ್ಟಿಮ್ಯಾಲೆ ಇಡ್ರಿ, ಹುಡುಗರು ಆಡ್ತಾವ" ಅಂದ. ಅಳತಿಪಟ್ಟಿ ತಗದೆ. "ನನ್ನ ಅಳೀಬ್ಯಾಡ" ಅಂದ. ಆವಾಗ ನಾ ಪುಸ್ತಕದಾಗ ಓದಿದ್ದು ಹೇಳಿಬಿಟ್ಟೆ. "ಇರಲಿ ಕಾಕಾ, ಬಲಗೈ ಬರೂಮಟ ಎಡಗೈಲೆ ವ್ಯವಹಾರ ಮಾಡೋದು ಕಲಸ್ತೇನಿ."

ಕಾಕಾ ಎದ್ದ. ಕೋಲು ಊರಿಕೋತ ಹಿತ್ತಲಕ್ಕ ಹೋಗಿಬಿಟ್ಟ.

ಕಾಕು ಬಂದು ಕುಂತು ಬೈದ್ಲು ನಂಗ. "ಏ ಯವ್ವಾ, ನೀ ಇದ ಸೀಮ್ಯಾಕಿ ಹೌದೋ ಅಲ್ಲೋ? ದನದ ಸಂತ್ಯಾಗ ಎಡಗೈ ಚಾಚಿದ್ರ ಯಾರರೆ ಕೈ ಕೊಡ್ತಾರೇನು? ಮಕಕ್ಕ ಉಗಳಿದಂಗ ಅದು."

ನಂಗೂ ಗೊತ್ತಿದ್ದದ್ದ. ಸಣ್ಣಾಕಿದ್ದಾಗ ನೋಡೇನಿ. ದನದ ಸಂತ್ಯಾಗ ದರಾ ಬಾಯಿಲೆ ಹೇಳಂಗಿಲ್ಲ. ಇಬ್ಬರು ದಲಾಲರು ಎದರಾ ಬದರಾ ನಿಂತು, ಬಲಗೈ ಬಲಗೈಗೆ ಕೊಟ್ಟು, ಮ್ಯಾಲೆ ಟಾವೆಲ್ ಹಾಕ್ಕೋತಾರ. ಒಳಗ ಒಬ್ಬರ ಬೆರಳು ಒಬ್ಬರು ಹಿಡೀತಾರ. ಎಷ್ಟು ಬೆರಳು ಹಿಡದ್ರೋ ಅಷ್ಟು ದರ. ಒಲ್ಲೆ ಅಂದ್ರ ಕೈ ಝಾಡಿಸಿ ಬಿಡ್ತಾರ, ಮತ್ತ ಹಿಡೀತಾರ. ಸುತ್ತ ನಿಂತವರಿಗೆ ಇಬ್ಬರ ಮಾರಿ ಬಿಟ್ರ ಏನೂ ಕಾಣಂಗಿಲ್ಲ. ಇಷ್ಟೆಲ್ಲಾ ನೋಡಿ ಬೆಳದಾಕಿ ನಾ, ನಾಕು ಪುಸ್ತಕ ಓದಿ ಆ ಮನಶ್ಯಾಗ ಎಡಗೈ ಚಾಚು ಅಂತ ಹೇಳಿ ಬಂದೆ.

ಕಾಕು ಉಳಿದದ್ದೂ ಹೇಳಿದ್ಲು. ಕಾಕಾನ ಜಾಗಾದಾಗ ಈಗ ಅವನ ಅಣ್ಣನ ಮಗ ನಿಂತು ದಲಾಲಿ ಮಾಡಾಕತ್ತಾನ. ಮುಂಗಾರಿಗೆ ಮೊದಲ, ಎತ್ತಿನ ವ್ಯಾಪಾರ ಜೋರ ಇರೋವಾಗ ಕಾಕಾ ಸಂತಿಗೆ ಹೋಗಲಿಲ್ಲಂದ್ರ ಆ ಜಾಗಾ ಹೋದಂಗ. ನನ್ನ ಕಳಿಸಿದಾಂವ ಆ ಅಣ್ಣನ ಮಗನ, ಕಾಕಾನ ಕೈ ಸತ್ತೈತಿ ಅಂತ ಡಾಕ್ಟರ್ ಕಡಿಂದ ಹೇಳಿಸಾಕ, ಅಂತ ಕಾಕಾನ ಲೆಕ್ಕಾ.

ಮುಂದಿನ ಸರೇ ಹೋದಾಗ ಕೋನೂ ಒಯ್ಯಲಿಲ್ಲ, ಹಲಗೀನೂ ಒಯ್ಯಲಿಲ್ಲ. "ಕಾಕಾ, ನಂಗ ಬೆರಳ ಲೆಕ್ಕಾ ಕಲಸು" ಅಂದೆ.

"ಯಾಕ? ದಲಾಲಿ ಮಾಡಾಕೇನು?"

"ಹೂಂ. ಪಾಸಾಗಲಿಲ್ಲಂದ್ರ ಮತ್ತೇನು ಮಾಡ್ಲಿ?"

ಭಾಳ ಹೊತ್ತು ನನ್ನ ಮಾರಿ ನೋಡಿದ. ಆಮ್ಯಾಲೆ ಬಲಗೈ ಮ್ಯಾಲಿನ ಟಾವೆಲ್ ತಗೀದನ, ಅದರ ಅಂಚು ಸ್ವಲ್ಪ ಎತ್ತಿದ. ನಾ ಕೈ ಒಳಗ ಹಾಕಿದೆ.

ಕೈ ತಣ್ಣಗಿತ್ತು. ಹೆಬ್ಬಟ್ಟು ಅಂಗೈಯೊಳಗ, ನಾಕೂ ಬೆರಳು ಅದರ ಮ್ಯಾಲೆ ಬಿಗದು ಕುಂತಿದ್ದವು. ಲಕ್ವಾ ಕೈಯಾಗ ಹಿಡಿಯೋದು ಕಷ್ಟಲ್ಲ, ಬಿಡೋದು ಕಷ್ಟ. ನನ್ನ ಎರಡು ಬೆರಳು ಒಳಗ ತೂರಿಸಿದೆ. ಹಿಡದ. ಬಿಡು ಅಂದೆ, ಬಿಡಾಕ ಆಗಲಿಲ್ಲ. ಮಾರಿ ಮ್ಯಾಲೆ ಏನೂ ತೋರಸಲಿಲ್ಲ ಮನಶ್ಯಾ, ಹಣಿ ಮಾತ್ರ ಬೆವರಿತ್ತು. ನಾ ಅವನ ಮಣಿಕಟ್ಟು ಕೆಳಗ ಬಗ್ಗಿಸಿದೆ. ಮಣಿಕಟ್ಟು ಬಾಗಿದ್ರ ಬೆರಳಿನ ನರಾ ಎಳದು ಬೆರಳು ತಾವ ಸಡ್ಲ ಆಕ್ಕಾವ, ನಿಮ್ಮ ಕೈಯಾಗೂ ಮಾಡಿ ನೋಡ್ರಿ ಬೇಕಾದ್ರ. ನನ್ನ ಬೆರಳು ಹೊರಗ ಬಂದವು.

ಕಾಕಾ ಟಾವೆಲ್ ಕಡೆ ನೋಡಿದ. "ಮತ್ತೊಮ್ಮೆ" ಅಂದ.

ಅವತ್ತಿಂದ ವಾರಕ್ಕ ಮೂರು ಸರೇ ನಮ್ಮ ವ್ಯಾಪಾರ ಸುರು ಆತು. ಇಲ್ಲದ ಎತ್ತನ್ನ ಕಾಕಾ ಮಾರತಿದ್ದ, ನಾ ಕೊಳ್ಳತಿದ್ದೆ. "ಇದು ಮೇಡ್ಲೇರಿ ಎತ್ತು, ಹೊಳಿ ಮೇವು ತಿಂದಿದ್ದು, ಅಷ್ಟಕ್ಕ ಬಿಡಂಗಿಲ್ಲ" ಅಂತಿದ್ದ. ಹಿಡಿ, ಬಗ್ಗಿಸು, ಬಿಡು, ಮತ್ತ ಹಿಡಿ.

ಇಲ್ಲಿ ಒಂದು ಫಜೀತಿ. ಓಣ್ಯಾಗಿನ ಬಾಗಲಾ, ಪಡಸಾಲಿ, ಪರಗಂಡಸು, ಪರಹೆಂಗಸು, ಟಾವೆಲ್ ಒಳಗ ಕೈ ಕೈ ಹಿಡದು ಕುಂತಾರ. ಹೋಗೋರು ಬರೋರು ನಿಂತು ನಿಂತು ನೋಡಿ ಹೋಗತಿದ್ರು. ಕಾಕು ಎರಡನೇ ವಾರ ಮೆಣಸಿನಕಾಯಿ ಬುಟ್ಟಿ ತಗೊಂಡು ನಮ್ಮ ಎದರ ಬಂದು ಕುಂತ್ಲು. ತೊಟ್ಟು ಬಿಡಸೋದು ನೆವಾ. ಒಂದು ಕಾಯಿ ಬಿಡಸ್ತಿದ್ಲು, ಒಂದು ಸರೇ ಟಾವೆಲ್ ನೋಡ್ತಿದ್ಲು. ಘಾಟಿಗೆ ನನಗ ಸೀನು, ಅಕಿಗೆ ಸಂಶೆ.

"ಹಂಗೇನರೆ ಇದ್ರ ನೀನ ಕೈ ಹಾಕು ಕಾಕು" ಅಂದುಬಿಟ್ಟೆ.

"ನಂಗೇನು ಬರತೈತಿ ಅದು? ಇಷ್ಟು ವರ್ಷ ಸಂಸಾರ ಮಾಡೇನಿ, ಟಾವೆಲ್ ಒಳಗಿನ ಲೆಕ್ಕಾ ನನಗೊಂದು ದಿನಾ ಹೇಳಿಲ್ಲ."

"ಹೆಂಗಸರಿಗೆ ಹೇಳಿದ್ರ ಬಾವ್ಯಾಗಿನ ಕಪ್ಪಿಗೂ ಗೊತ್ತಾಕ್ಕೈತಿ" ಅಂದ ಕಾಕಾ.

"ಮತ್ತ ಇಕಿಗೆ ಹೇಳಾಕತ್ತೀರಿ? ಇಕಿ ಗಂಡಸೇನು?"

ಕಾಕು ಸೆರಗಿಗೆ ಕೈ ಒರಸಿಕೊಂಡು ಒಳಗ ಹಾಕಿದ್ಲು. ಮೆಣಸಿನಕಾಯಿ ಕೈ ನೋಡ್ರಿ, ಕಾಕಾ ಉರಿ ಉರಿ ಅಂತ ಒದ್ದಾಡಿದ, ಆದ್ರ ಬಿಡಾಕ ಆಗಲಿಲ್ಲ. ಅವತ್ತ ಮೊದಲ ಸರೇ ಮಣಿಕಟ್ಟು ತಾನ ಬಗ್ಗಿಸಿ ಬಿಡಿಸಿಕೊಂಡ.

ಇದರಿಂದ ನನಗೊಂದು ಉಪಾಯ ಹೊಳೀತು. ಟಾವೆಲ್ ಒಳಗ ಕಣ್ಣು ಕಾಣಂಗಿಲ್ಲ. ಕೈಗೆ ತಿಳಿದಷ್ಟ ತಿಳೀಬೇಕು. ನನಗ ಪಾಸಾಗೋದು ಬೇಕಾಗೇತಿ, ಹಂಗಾಗಿ ನನ್ನ ಕೈ ನನಗ ಬೇಕಾದ್ದ ಹೇಳ್ತಿದ್ರ? ಮೂರು ಬೆರಳು ಹಿಡದ ಅಂತ ನಂಗ ಅನಸ್ತೈತಿ, ಖರೇನ ಹಿಡದಾನೋ ನಾನ ಕೊಟ್ಟೇನೋ? ನನ್ನ ಮ್ಯಾಲೆ ನನಗ ನಂಬಿಗಿ ಬರಲಿಲ್ಲ. ಅದಕ್ಕ ಕಾಕಾ ನನ್ನ ಕಿವ್ಯಾಗ ಎಷ್ಟು ಅಂತ ಹೇಳೋದು, ಕಾಕುನ ಕೈ ಹಿಡಿಯೋದು, ಕಾಕು ಬಾಯಿ ಬಿಟ್ಟು ಹೇಳೋದು. ಅಕಿ ಗಂಡನ ಪರವಾಗಿ ಒಂದು ಸುಳ್ಳೂ ಹೇಳಾಕಿ ಅಲ್ಲ.

"ಎರಡು."

ಕಾಕಾ ಹೇಳಿದ್ದು ಮೂರು.

"ಮೂರು ಹಿಡದೇನಿ ನೋಡ ಬರೋಬ್ಬರಿ!"

"ಎಲ್ಲಿ ಹಿಡದೀರಿ? ಮೂರನೇದಕ್ಕ ಬರೇ ಮುಟ್ಟೀರಿ. ಮುಟ್ಟಿದ್ದಕ್ಕ ಎತ್ತು ಕೊಡ್ತಾರೇನು?"

ಹಿಂಗ ಗಂಡಾ ಹೆಂಡ್ತಿ ಜಗಳಾಡಿಕೋತ, ಬಾಯಿ ಮಾಡಿಕೋತ, ಎರಡು ಹೋಗಿ ಮೂರಾತು. ಮೂರು ಹೋಗಿ ನಾಕಾತು. ಇದನ್ನೆಲ್ಲಾ ಗೈಡ್ ಮೇಡಂಗ ವೀಡಿಯೋ ಕಾಲಿನ್ಯಾಗ ಹೇಳಿದೆ. ಪೂರಾ ಕೇಳಿ ಅಕಿ ಅಂದ್ಲು,

"ಚೆನ್ನಾಗಿದೆ. ತುಂಬಾ ಚೆನ್ನಾಗಿದೆ, ಅದಕ್ಕೇ ನಂಗೆ ಅನುಮಾನ. ಕೈ ಎಲ್ಲಿದೆ? ಒಂದು ಫೋಟೋ ಇಲ್ಲ, ಒಂದು ಅಳತೆ ಇಲ್ಲ. ಟವೆಲ್ ತೋರಿಸ್ತಾ ಇದೀರಿ ನೀವು ನಂಗೆ."

"ಅಂವ ಬಿಚ್ಚಂಗಿಲ್ರಿ ಮೇಡಂ."

"ಬಿಚ್ಚಿ ತೋರಿಸದೇ ಇದ್ರೆ ಈ ಕೇಸ್ ಆಗಲ್ಲ. ಬೇರೆ ಪೇಶಂಟ್ ನೋಡ್ಕೊಳ್ಳಿ. ಆರು ತಿಂಗಳು ಮುಂದಕ್ಕೆ ಹೋಗುತ್ತೆ."

ಆರು ತಿಂಗಳು. ನಮ್ಮೆಜಮಾನ್ರಿಗೆ ಇದನ್ನ ಹೆಂಗ ಹೇಳಬೇಕಂತ ಬಸ್ಸಿನ್ಯಾಗ ಕುಂತು ಮನಸ್ಸಿನ್ಯಾಗ ತಾಲೀಮು ಮಾಡಿದೆ. ಒಂದೂ ಸರಿ ಬರಲಿಲ್ಲ.

ಮರುದಿನ ಮಧ್ಯಾಹ್ನ ಹೋದಾಗ ಕಾಕಾ ಹೊರಸಿನ ಮ್ಯಾಲೆ ಮಲಗಿದ್ದ. ಟಾವೆಲ್ ಜಾರಿತ್ತು. ಬಲಗೈ ಹೊರಗ, ಅಂಗೈ ಮ್ಯಾಲೆ ಮಾಡಿ ಬಿದ್ದಿತ್ತು. ಅಷ್ಟು ದಿವಸದಾಗ ನಾ ಅದನ್ನ ನೋಡಿದ್ದು ಅವತ್ತ ಮೊದಲು. ಕಾಕು ಬಾಗಲದಾಗ ನಿಂತು ಕಣ್ಣಸನ್ನಿ ಮಾಡಿದ್ಲು, ಅಳಕೋ ಲಗೂ ಅಂತ. ನಾ ಅಳತಿಪಟ್ಟಿ ತಗದೆ. ಫೋನೂ ತಗದೆ. ಹೊರಸಿನ ಹತ್ರ ಬಗ್ಗಿದೆ.

ಬಗ್ಗಿದಾಗ ಕಾಕಾನ ಕಣ್ಣರೆಪ್ಪಿ ಅಲುಗ್ತು. ಮಲಗಿದಾಂವ ಮಲಗಿರಲಿಲ್ಲ.

ಪಟ್ಟಿ ಚೀಲಕ್ಕ ಹಾಕಿದೆ. ಟಾವೆಲ್ ಎಳದು ಕೈ ಮುಚ್ಚಿದೆ. ಇಲ್ಲಿ ನನ್ನ ಹೊಗಳಬ್ಯಾಡ್ರಿ ಮತ್ತ. ರೆಪ್ಪಿ ಅಲುಗಿದ್ದು ನೋಡೇ ಮುಚ್ಚಿದ್ದು. ಅಲುಗದ ಇದ್ದಿದ್ರ ಏನು ಮಾಡತಿದ್ನೋ ನನಗೂ ಗೊತ್ತಿಲ್ಲ.

ಕಾಕಾ ಎದ್ದು ಕುಂತ, ಈಗ ಎಚ್ಚರ ಆದಂಗ ಆಕಳಿಸಿದ. "ಬರ್ರಿ ಡಾಕ್ಟರಬಾಯಿ, ವ್ಯಾಪಾರಕ್ಕ" ಅಂದ. ಕೈ ಕೊಟ್ಟೆ.

"ಇವತ್ತು ಎತ್ತಿಂದಲ್ಲ ಕಾಕಾ. ನಿನ್ನ ಕೈ ಎಷ್ಟು ಮಂದಿ ನೋಡಬಹುದು, ಅದನ್ನ ಹೇಳು. ಇಲ್ಲಾಂದ್ರ ನಂಗ ಆರ ತಿಂಗಳ ಹೋಕ್ಕೈತಿ."

ಅಂವ ನನ್ನ ಒಂದ ಬೆರಳು ಹಿಡದ. ಅಂದ್ರ ನಾ ಒಬ್ಬಾಕಿ. ನಾ ಕೈ ಝಾಡಿಸಿ ಅವನ ಮೂರು ಬೆರಳು ಹಿಡದೆ, ನಾ, ಗೈಡ್ ಮೇಡಂ, ಪರೀಕ್ಷಾ ತಗೊಳ್ಳೋ ಸಾಹೇಬ್ರು. ಅಂವ ಝಾಡಿಸಿದ. ಮತ್ತ ಒಂದ. ನಾ ಮತ್ತ ಮೂರು. ಕಾಕು ಮೆಣಸಿನಕಾಯಿ ಬಿಟ್ಟು ನಮ್ಮ ಮಾರಿ ನೋಡಾಕತ್ತಿದ್ಲು. ಕಡೀಕ ಎರಡು ಹಿಡದ, ಹಿಡದವ ಒಮ್ಮೆ ಗಟ್ಟಿ ಅದುಮಿದ. ಮುಗೀತು. ಇಬ್ಬರು. ಉಳಿದ ಕರಾರು ಬಾಯಿಲೆ ಹೇಳಿದ, ಒಂದ ಸರೇ. ದನದ ಕೊಟ್ಟಿಗ್ಯಾಗ. ಫೋಟೋ ಇಲ್ಲ.

ಬಸ್ ಸ್ಟಾಪಿಗೆ ಬಂದು ನಿಂತ ಮ್ಯಾಲೆ ನನ್ನ ತಲ್ಯಾಗ ಬಂತು. ಅಂವ ಝಾಡಿಸಿದ್ದ. ಒಂದು ಸರೇ ಅಲ್ಲ. ಹಿಡದು, ಬಿಟ್ಟು, ಮತ್ತ ಹಿಡದಿದ್ದ, ಮಣಿಕಟ್ಟು ಬಗ್ಗಿಸಿಕೋತ, ನಾ ಹೇಳದನ. ಸಿಟ್ಟಿನ್ಯಾಗ ಇಬ್ಬರಿಗೂ ಲಕ್ಷ್ಯ ಇರಲಿಲ್ಲ.

ಗೈಡ್ ಮೇಡಂ ರಾಣೆಬೆನ್ನೂರು ಸ್ಟೇಶನ್ನಿಗೆ ಇಳದು ನನ್ನ ಜೋಡಿ ಬಂದ್ಲು. ಕೊಟ್ಟಿಗ್ಯಾಗ ಕಾಕಾ ಟಾವೆಲ್ ತಗದ. ಮೇಡಂ ಅಳದ್ಲು. ಹೆಬ್ಬಟ್ಟು ಹೊರಗ ಬರತಿತ್ತು, ಮೂರು ಬೆರಳು ಸುಮಾರಾಗಿ ಬಿಚ್ಚತಿದ್ದವು, ಕಿರಿಬೆರಳು ಡೊಂಕನ ಉಳದಿತ್ತು. ಕಾಕಾ ಗ್ವಾಡಿ ಕಡೆ ಮಾರಿ ಮಾಡಿ ಕುಂತಿದ್ದ. ಮುಗದ ಕೂಡ್ಲೇ ಮುಚ್ಚಿಕೊಂಡ.

ಹೊರಗ ಬಂದು ಮೇಡಂ ಅಂದ್ಲು, "ಇದು ಈಗಿನ ಅಳತೆ. ಮೊದಲಿಂದು ಇಲ್ವಲ್ಲ. ಇವರ ಕೈ ಮೊದಲಿಂದಾನೂ ಇಷ್ಟೇ ಇತ್ತು ಅಂತ ಯಾರಾದ್ರೂ ಅಂದ್ರೆ ಏನು ಹೇಳ್ತೀರಿ?"

ನಾ ಅಳತಿಪಟ್ಟಿ ಚೀಲಕ್ಕ ಹಾಕಿಕೊಂಡೆ.

"ಕೆಲಸಕ್ಕೆ ವಾಪಸ್ ಹೋಗೋದು ತಾನೇ ಕೇಸ್? ಸಂತೇಲಿ ನೋಡ್ತೀನಿ. ಅಲ್ಲಿ ಆಗದಿದ್ರೆ ಆರು ತಿಂಗಳು. ಸರೀನಾ?"

ಸಂತಿ ದಿನ ಹಾವೇರ್ಯಾಗ ಬಿಸಲು ಅಂದ್ರ ಬಿಸಲು. ನಾನೂ ಮೇಡಂನೂ ಚಾದ ಅಂಗಡಿ ಮುಂದ ನಿಂತಿದ್ವಿ. ಕಾಕಾ ಬಿಳಿ ಧೋತ್ರ, ಹೊಸಾ ಟಾವೆಲ್ ಹಾಕ್ಕೊಂಡು ಬಂದ. ಮೇಡ್ಲೇರಿ ಕಡೆ ರೈತರೊಬ್ಬರು ಜೋಡಿ ಎತ್ತು ಮಾರಾಕ ಹಿಡಕೊಂಡು ನಿಂತಿದ್ರು, ಹಳೇ ಗುರ್ತಿನವರು, ಕಾಕಾನ್ನ ಕರದ್ರು. ಕೊಳ್ಳಾವರ ಕಡಿಂದ ಬಂದ ದಲಾಲಿ ಯಾರಂದ್ರ, ಅವನ ಅಣ್ಣನ ಮಗ.

ಸುತ್ತ ಮಂದಿ ಸೇರಿದ್ರು. ಎತ್ತು ನೋಡಾಕಲ್ಲ, ಕೈ ನೋಡಾಕ. ಒಬ್ಬಾಂವ ನಮ್ಮ ಬಾಜೂಕ ನಿಂತು ಬೀಡಿ ಸೇದಿಕೋತ, "ಸತ್ತ ಕೈ ತಗೊಂಡು ಬಂದಾನ ನೋಡು ಮುದುಕಾ" ಅಂದ.

ಕಾಕಾ ಬಲಗೈ ಚಾಚಿದ. ಟಾವೆಲ್ ಬಿತ್ತು. ಇಬ್ಬರ ಮಾರೀನೂ ಕಲ್ಲು. ಅಣ್ಣನ ಮಗ ತಲಿ ಅಲ್ಲಾಡಿಸಿದ, ಅಂದ್ರ ಆ ದರಕ್ಕ ಒಲ್ಲೆ. ಈಗ ಕಾಕಾ ಬಿಡಬೇಕು, ಹೊಸಾ ದರಾ ಹಿಡೀಬೇಕು. ಬಿಡಲಿಲ್ಲ. ಹೆದರಿಕಿ ಆದಾಗ ಲಕ್ವಾ ಕೈ ಇನ್ನೂ ಬಿಗೀತೈತಿ, ಅದು ನಂಗ ಗೊತ್ತಿತ್ತು. ಮಂದಿ ಒಬ್ಬರ ಮಾರಿ ಒಬ್ಬರು ನೋಡಿದ್ರು.

"ಕಾಕಾ, ಬಿಡು" ಅಂದ ಹುಡುಗ, ಸಣ್ಣ ದನಿಲೆ.

ಅಷ್ಟೊತ್ತಿಗೆ ಟಾವೆಲ್ಲಿನ ನಡುವ ಒಂದು ತಗ್ಗು ಬಿತ್ತು. ಸಣ್ಣಗ. ಎತ್ತರ ಇದ್ದದ್ದು ಕೆಳಗ ಬಾಗಿದಂಗ.

"ಮಣಿಕಟ್ಟು!" ಅಂದ್ಲು ಗೈಡ್ ಮೇಡಂ. ನನ್ನ ತೋಳು ಚಿವುಟಿಬಿಟ್ಲು. "ಬಗ್ಗಿಸಿದ್ರು, ನೋಡಿದ್ರಾ?"

ಟಾವೆಲ್ ಮತ್ತ ಎದ್ದಿತು. ಹುಡುಗ ಮತ್ತ ತಲಿ ಅಲ್ಲಾಡಿಸಿದ, ಮತ್ತ ತಗ್ಗು, ಮತ್ತ ಏರು. ಆಮ್ಯಾಲೆ "ಆತು" ಅಂದ. ಟಾವೆಲ್ ಹೆಗಲಿಗೆ ಹೋತು. ಮೇಡ್ಲೇರಿಯವರು ಎತ್ತಿನ ಹಗ್ಗ ಕೊಟ್ರು.

ಮೇಡಂ ಖುಷಿಯಾಗಿ ಹೋದ್ಲು. ನಾ ಆಗಲಿಲ್ಲ. ಮನಿಗೆ ಬಂದು ರೊಟ್ಟಿ ತಟ್ಟಿಕೋತ ಒಂದ ವಿಚಾರ. ಆ ಹುಡುಗ ಎದರ ನಿಂತಿದ್ದ ತನ್ನ ಕಾಕಾನ ಮಾರಿ ನೋಡಿ ಸುಮ್ಮ "ಆತು" ಅಂದಿದ್ರ? ಒಳಗ ಏನೂ ತಿಳೀದಿದ್ರೂ ಮಂದಿ ಮುಂದ ಮಾನಾ ಹೋಗಬಾರದಂತ ಒಪ್ಪಿದ್ರ? ಮಣಿಕಟ್ಟು ಬಾಗಿದ್ದು ನೋಡೇನಿ, ಬೆರಳು ಬಿಟ್ಟಿದ್ದು ನೋಡಿಲ್ಲ. ನಮ್ಮೆಜಮಾನ್ರಿಗೆ ಹೇಳಿದೆ. ಅವರು ರೊಟ್ಟಿ ಮುರಕೋತ, "ಹಂಗಾರ ಇನ್ನೊಂದು ವಾರ ನೋಡು. ಒಂದು ಮೊಳಕಿ ನೋಡಿ ಪಾಸು ಮಾಡಂಗಿಲ್ಲ ನಾವು" ಅಂದ್ರು.

ಮುಂದಿನ ಸಂತಿಗೆ ಒಬ್ಬಾಕಿನ ಹೋದೆ, ಕಾಕಾಗ ಹೇಳದನ. ಸೆರಗು ತಲಿ ಮ್ಯಾಲೆ ಹಾಕ್ಕೊಂಡು ಬ್ಯಾರೆ ಕಡೆ ನಿಂತೆ. ಮೊದಲು ಅಣ್ಣನ ಮಗ ಸಿಕ್ಕ. "ಖರೇ ಹೇಳಪ, ಅವತ್ತು ಬೆರಳು ಬರೋಬ್ಬರಿ ತಿಳದ್ವು ಹೌದಿಲ್ಲೋ? ನಾಕು ಹಿಡದ್ರ ನಾಕು, ಪೂರಾ ಕೈ ಹಿಡದ್ರ ಐದು..."

ಹುಡುಗ ಬಿದ್ದು ಬಿದ್ದು ನಕ್ಕ. "ಪೂರಾ ಕೈ ಹಿಡದ್ರ ಐದು ಅಂತ ಕಾಕಾ ಹೇಳ್ಯಾನೇನ್ರಿ ನಿಮಗ? ಒಳ್ಳೇ ಕಲಸ್ಯಾನ ಬಿಡ್ರಿ."

"ಮತ್ತೆಷ್ಟು?"

"ಅದನ್ನ ನಾ ಹೇಳಂಗಿಲ್ರಿ."

ಅಷ್ಟು ತಿಂಗಳು ಆ ಮನಶ್ಯಾ ನನಗ ಖೊಟ್ಟಿ ಲೆಕ್ಕಾ ಕಲಿಸಿದ್ದ. ಸಿಟ್ಟು ಬಂತು, ನಗೂನೂ ಬಂತು. ಬೆರಳಂತೂ ಖರೇನ ಅಲುಗ್ಯಾವಲ್ಲ ಅಂತ ಸಮಾಧಾನ ಮಾಡಿಕೊಂಡೆ. ಹುಡುಗ ಹೋಗೋವಾಗ ಹೊಳ್ಳಿ ನಿಂತು ಇಷ್ಟು ಹೇಳಿದ. "ಅಕ್ಕಾರ, ಕೊಂಡವರು ನಮ್ಮ ಕಾಕಾನ ಬಳಗ ಅಲ್ರಿ. ತಪ್ಪು ದರಾ ತಗೊಂಡು ಹೋಗಿದ್ರ ನನ್ನ ಸುಲೀತಿದ್ರು."

ಅದನ್ನೂ ಪೂರಾ ನಂಬಲಿಲ್ಲ ನಾ. ಅಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಒಬ್ಬ ದಲಾಲಿ ಬಂದ. ಕೆಂಪು ರುಮಾಲು, ದಪ್ಪ ಮೀಸಿ, ನಮ್ಮ ಕಡೆ ಮಾತಲ್ಲ, ಶಿರಸಿ ಕಡೆಯಾಂವ ಇರಬೇಕು. ಕಾಕಾ ಯಾರಂತ ಅವಂಗ ಗೊತ್ತಿಲ್ಲ, ಲಕ್ವಾ ಗೊತ್ತಿಲ್ಲ. ಎತ್ತು ನೋಡಿದ, ನೇರ ಕಾಕಾನ ಮುಂದ ಹೋಗಿ ಬಲಗೈ ಚಾಚಿದ. ಟಾವೆಲ್ ಬಿತ್ತು. ತಗ್ಗು, ಏರು, ತಗ್ಗು, ಏರು. ರುಮಾಲಿನಾಂವ ಝಾಡಿಸಿ ಹೊಂಟ. ವ್ಯಾಪಾರ ಕುದರಲಿಲ್ಲ. ಹೋಗೋವಾಗ ಕಾಕಾಗ ಸಿಟ್ಟಿಲೆ ಕೂಗಿ ಹೇಳಿದ, "ತುಂಬಾ ಹೆಚ್ಚಾಯ್ತು ಯಜಮಾನ, ಅಷ್ಟು ಬಾಳೋದಿಲ್ಲ ಇದು!"

ಹೆಚ್ಚಾತು ಅಂತ ಬೈದು ಹೋದ ಅಂದ್ರ ಎಷ್ಟಂತ ಅವಂಗ ತಿಳದೈತಿ. ನಾ ಅಲ್ಲೇ ಒಂದು ಗಾಡಿ ನೊಗದ ಮ್ಯಾಲೆ ಕುಂತುಬಿಟ್ಟೆ.

ವೈವಾದಾಗ ಹೊರಗಿಂದ ಬಂದ ಸಾಹೇಬ್ರು ಅದ ಪ್ರಶ್ನಿ ಕೇಳಿದ್ರು. ಮೊದಲಿನ ಅಳತಿ ಇಲ್ಲ, ಸುಧಾರಣೆ ಆತು ಅಂತ ನೀವು ಹೆಂಗ ನಂಬಿದ್ರಿ?

"ನಂಬಲಿಲ್ರಿ ಸರ್. ಅದಕ್ಕ ಮತ್ತೊಂದು ವಾರ ಹೋದೆ" ಅಂದೆ. ರುಮಾಲಿನಾಂವನ ಬೈಗಳಾನ ಸಾಹೇಬ್ರ ಮುಂದ ಹೆಂಗೈತಿ ಹಂಗ ಹೇಳಿದೆ. ಗೈಡ್ ಮೇಡಂ ತಲಿ ಕೆಳಗ ಹಾಕ್ಕೊಂಡು ನಕ್ಕಳು. ಅಳತಿ ಇಲ್ಲದ್ದಕ್ಕ ಮಾರ್ಕ್ಸ್ ಕಡದ್ರು, ಆದ್ರ ಪಾಸು ಮಾಡಿದ್ರು. ಎರಡ ವರ್ಷಕ್ಕ ಮುಗೀತು.

ಕಾಕಾಗ ಫೋನ್ ಮಾಡಿ ಹೇಳಿದೆ.

"ಪಾಸಾದೀ? ಹಂಗಾರ ಇನ್ನ ಬರಂಗಿಲ್ಲ ಬಿಡು. ನನಗ ಮೊದಲ ಗೊತ್ತಿತ್ತು" ಅಂದು ಇಟ್ಟುಬಿಟ್ಟ.

ಕಿರಿಬೆರಳು ಇನ್ನೂ ಡೊಂಕ ಐತಿ, ಕೆಲಸ ಬಾಕಿ ಐತಿ. ಮುಂದಿನ ವಾರ ಅದ ಬಸ್ ಹತ್ತಿ ಹೋದೆ. ಕಾಕು ಚಾ ಕೊಟ್ಲು. ಕಾಕಾ ನನ್ನ ಕಾಲಿಂದ ಮಾರಿತನಕ ಮತ್ತೊಮ್ಮೆ ನೋಡಿದ, ಹೆಂಡ್ತಿ ಕಡೆ ಹೊಳ್ಳಿ ಅಂದ, "ಪಾಸಾದ ಮ್ಯಾಲೂ ಬಂದಾಳಂದ್ರ ಏನೋ ಐತಿ ಲೇ ಇದು."

ಆದ್ರ ಟಾವೆಲ್ ಎತ್ತಿದ. ಈ ಪೋಸ್ಟ್ ಹಾಕೋದಕ್ಕೂ ಅವನ ಕಡೆ ಪರವಾನಗಿ ತಗೊಂಡೇನಿ. ಹೆಸರಿಲ್ಲ, ಊರಿಲ್ಲ, ಕೈ ಫೋಟೋ ಇಲ್ಲ, ಅವ ಮೂರು ಮಾತಿನ ಮ್ಯಾಲೆ. ಹಂಗಾಗಿ ಕಮೆಂಟ್‌ನ್ಯಾಗ ಯಾವ ಊರು, ಯಾರ ಮನಿ ಅಂತ ಕೇಳಬ್ಯಾಡ್ರಿ, ಹೇಳಂಗಿಲ್ಲ.

ಅದರ ಬದಲಿ ನಿಮ್ಮದು ಹೇಳ್ರಿ. ನಿಮ್ಮ ಮನ್ಯಾಗ ಯಾರಿಗರೆ ಲಕ್ವಾ ಹೊಡದು, ಕೈ ಹೋಗಿ, ಮತ್ತ ತಮ್ಮ ಕೆಲಸಕ್ಕ ಹೋಗ್ಯಾರೇನು? ಹೆಂಗ ಹೋದ್ರು? ಅವರನ್ನ ಮಂದಿ ನಂಬಿದ್ರೋ ಇಲ್ಲೋ? ಇಲ್ಲಾಂದ್ರ ನನ್ನಂಗ ಯಾರದರೆ ಬಾಗಲದಾಗ ಕಳ್ಳಿ ಆಗಿ ನಿಂತು ಬಂದಿದ್ರ ಅದನ್ನ ಬರೀರಿ. ಉದ್ದಾದ್ರೂ ಅಡ್ಡಿಯಿಲ್ಲ, ಒಂದೊಂದು ಓದ್ತೇನಿ. ಖರೇ ಇದ್ದದ್ದ ಬರೀರಿ ಮತ್ತ. ಖೊಟ್ಟಿ ಇದ್ರ ನಂಗ ತಿಳೀತೈತಿ.